ಎಂಟನೆಯ ಸಂಪುಟದ ಬೆನ್ನು

ಹಳೆ ಪುಸ್ತಕದಂಗಡಿಗೆ ದೊಡ್ಡ ಫ್ಯಾಂಟಸಿ ಸರಣಿಯೊಂದರ ಪೂರ್ತಿ ಸೆಟ್ ಬಂದರೆ, ಪುಟ ತಿರುವುವ ಮೊದಲು ಬೆನ್ನು ನೋಡಬೇಕು. ಏಳುನೂರು ಎಂಟುನೂರು ಪುಟದ ಅಗ್ಗದ ಪೇಪರ್‌ಬ್ಯಾಕಿಗೆ ಹೊಲಿಗೆ ಇರುವುದಿಲ್ಲ. ಹಾಳೆಗಳ ಅಂಚಿಗೆ ಅಂಟು ಬಳಿದು ರಟ್ಟಿಗೆ ಕೂಡಿಸಿರುತ್ತಾರೆ. ಓದುತ್ತ ಹೋದಂತೆ ಆ ಅಂಟು ಸಣ್ಣಗೆ ಬಿರಿದು ಬೆನ್ನಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ತೆಳು ಗೆರೆ ಬಿದ್ದಲ್ಲಿ ಓದು ಸಾಗಿದೆ. ಆಳವಾದ ಗೆರೆ ಬಿದ್ದಲ್ಲಿ ಓದುತ್ತಿದ್ದವರು ಪುಸ್ತಕವನ್ನು ಬೋರಲು ಹಾಕಿ ಎದ್ದು ಹೋಗಿದ್ದಾರೆ. ಗೆರೆಯೇ ಇಲ್ಲದ ಬೆನ್ನು ಓದದೇ ಉಳಿದ ಪುಸ್ತಕದ್ದು. ಬೆಳಗಾವಿಯ ಟಿಳಕವಾಡಿಯ ಒಂದು ಅಂಗಡಿಯಲ್ಲಿ ಸುತಳಿ ಕಟ್ಟಿ ಇಟ್ಟಿದ್ದ ‘ದ ವ್ಹೀಲ್ ಆಫ್ ಟೈಮ್’ ಸರಣಿಯ ಹದಿನಾಲ್ಕು ಸಂಪುಟಗಳಲ್ಲಿ ಇದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲ ನಾಲ್ಕರ ಬೆನ್ನು ಪೂರ್ತಿ ಬೆಳ್ಳಗಾಗಿ ಹೆಸರೇ ಓದಲು ಬಾರದಂತಿತ್ತು. ಐದರಿಂದ ಏಳರವರೆಗೆ ಗೆರೆಗಳು ಸಮನಾಗಿದ್ದವು. ಎಂಟನೆಯದರಲ್ಲಿ ಮೊದಲ ಕಾಲುಭಾಗಕ್ಕೇ ಆಳವಾದ ಗೆರೆಗಳು ಒತ್ತೊತ್ತಾಗಿ ಬಿದ್ದು ಅಲ್ಲಿಗೆ ನಿಂತಿದ್ದವು. ಒಂಬತ್ತು, ಹತ್ತು ಹೊಸ ಪುಸ್ತಕದ ಹಾಗೆ ಮಿಂಚುತ್ತಿದ್ದವು.

ಅಂಗಡಿಯವರು ಹೇಳಿದ್ದೂ ಅದನ್ನೇ: “ಈ ಸೆಟ್ ಎಲ್ಲಿಂದ ಬಂದ್ರೂ ಹಿಂಗ ಇರ್ತದ ನೋಡ್ರಿ. ಎಂಟರ ಮುಂದ ಕತಿ ಹೋಗವಲ್ದು ಅಂತಾರ.” ಓದುಗರು ಯಾರೋ, ಅವರ ಊರು ಯಾವುದೋ. ಪುಸ್ತಕ ಬೋರಲು ಹಾಕಿ ಎದ್ದ ಜಾಗ ಮಾತ್ರ ಒಂದೇ ಆಗಿದ್ದರೆ, ತಪ್ಪು ಓದುಗರ ತಾಳ್ಮೆಯದಲ್ಲ. ಆ ಜಾಗದಲ್ಲಿ ಕಥೆಗೇ ಏನೋ ಆಗಿದೆ. ಏನಾಗಿದೆ ಎಂಬುದನ್ನು ಬಿಡಿಸಿ ನೋಡಬೇಕು ಅನಿಸುತ್ತದೆ.

ಕೈಗಡ

ಕೆಟ್ಟ ಪುಸ್ತಕ ಬೇರೆ, ಕೆಟ್ಟುಹೋದ ಸರಣಿ ಬೇರೆ. ಕೆಟ್ಟ ಪುಸ್ತಕವನ್ನು ಐವತ್ತನೆಯ ಪುಟಕ್ಕೆ ಮುಚ್ಚಿಟ್ಟು ಮರೆತುಬಿಡುತ್ತೇವೆ. ಅದರ ಮೇಲೆ ಸಿಟ್ಟೂ ಉಳಿಯುವುದಿಲ್ಲ. ಸರಣಿಯ ಓದುಗರು ಮಾತ್ರ ಹತ್ತು ವರ್ಷದ ನಂತರವೂ ಕಹಿಯಾಗಿ ಮಾತಾಡುತ್ತಾರೆ. ಅವರು ಕೊಟ್ಟದ್ದು ರೊಕ್ಕ ಮಾತ್ರ ಅಲ್ಲ, ನೆನಪು. ಸಾಮಾಜಿಕ ಕಾದಂಬರಿಯಲ್ಲಿ ಸಂತೆ ಅಂದರೆ ಸಂತೆ, ತಹಶೀಲ್ದಾರ ಅಂದರೆ ತಹಶೀಲ್ದಾರ. ಅದನ್ನು ಹೊಸದಾಗಿ ಕಲಿಯಬೇಕಿಲ್ಲ. ಫ್ಯಾಂಟಸಿಯಲ್ಲಿ ನಾಣ್ಯ, ದೇವರು, ಪಂಚಾಂಗ, ಮನೆತನ, ಮಂತ್ರದ ಕಟ್ಟಳೆ ಎಲ್ಲವನ್ನೂ ಒಂದೊಂದಾಗಿ ಕಲಿತು ತಲೆಯಲ್ಲಿ ಇಟ್ಟುಕೊಳ್ಳಬೇಕು. ಇದೇ ಸರಣಿಯಲ್ಲಿ ಹೆಸರಿರುವ ಪಾತ್ರಗಳೇ ಎರಡು ಸಾವಿರ ದಾಟುತ್ತವೆ. ಆ ಕಲಿಕೆಯನ್ನು ಓದುಗರು ಕೈಗಡದ ಹಾಗೆ ಕೊಡುತ್ತಾರೆ. ಪತ್ರವಿಲ್ಲ, ಸಾಕ್ಷಿಯಿಲ್ಲ, ಮುಂದೊಂದು ದಿನ ಇದೆಲ್ಲ ಒಂದು ಕಡೆ ಕೂಡಿ ಫಲ ಕೊಡುತ್ತದೆ ಎಂಬ ನಂಬಿಕೆಯಷ್ಟೇ. ಎರಡು ಸಂಪುಟಗಳ ನಡುವೆ ಎರಡು ಮೂರು ವರ್ಷ ಕಳೆದರೆ ಆ ನೆನಪು ಸೋರುತ್ತದೆ. ಮತ್ತೆ ತುಂಬಿಕೊಳ್ಳಬೇಕು, ಅಂದರೆ ಮತ್ತೆ ಸಾಲ ಕೊಡಬೇಕು.

ಇದಕ್ಕೆ ಒಂದು ಮಾತು ಸೇರಿಸಲೇಬೇಕು. ಹದಿನೈದನೆಯ ವಯಸ್ಸಿಗೆ ಹಿಡಿದ ಸರಣಿಯನ್ನು ಮೂವತ್ತೈದಕ್ಕೆ ಮುಗಿಸುವವರಲ್ಲಿ ಬೇಸರದ ಒಂದು ಪಾಲು ವಯಸ್ಸಿನದು. ಆದರೆ ಆ ಪಾಲು ಸಣ್ಣದು. ಸರಣಿ ಪೂರ್ತಿಯಾದ ಮೇಲೆ ಒಂದೇ ವರ್ಷದಲ್ಲಿ ಹದಿನಾಲ್ಕನ್ನೂ ಓದಲು ಕೂತವರೂ ಅದೇ ಎಂಟರಿಂದ ಹತ್ತರ ನಡುವೆಯೇ ಏದುಸಿರು ಬಿಡುತ್ತಾರೆ.

ಗೋಡೆಯ ಕೆಳಗೆ ನಾಲ್ಕು ವರ್ಷ

ರಾಬರ್ಟ್ ಜಾರ್ಡನ್ ಅವರ ಈ ಸರಣಿಯ ಮೊದಲ ಸಂಪುಟ ಬಂದದ್ದು 1990ರಲ್ಲಿ. 1996ರ ಹೊತ್ತಿಗೆ ಏಳು ಸಂಪುಟ ಆಗಿದ್ದವು, ಹೆಚ್ಚೂಕಡಿಮೆ ವರ್ಷಕ್ಕೊಂದು. ಆಮೇಲಿನವು 1998, 2000, 2003, 2005. ಕಾಯುವ ಕಾಲ ಉದ್ದವಾಯಿತು ಎಂಬುದನ್ನು ಓದುಗರು ಸಹಿಸಿಕೊಂಡಾರು. ಕಾದ ಮೇಲೆ ಸಿಕ್ಕಿದ್ದೇನು ಎಂಬುದರಲ್ಲಿ ನೋವಿದೆ.

ಏಳನೆಯ ಸಂಪುಟದ ಕೊನೆಗೆ ಮ್ಯಾಟ್ ಎಂಬ ಹುಡುಗನ ಮೇಲೆ ಗೋಡೆ ಕುಸಿಯುತ್ತದೆ. ಮೊದಲ ಪುಸ್ತಕದಿಂದ ಕಥೆ ಹೊತ್ತು ನಡೆಯುವ ಮೂವರು ಗೆಳೆಯರಲ್ಲಿ ಒಬ್ಬ ಅವನು, ಬಹಳ ಜನರಿಗೆ ಎಲ್ಲರಿಗಿಂತ ಹೆಚ್ಚು ಬೇಕಾದವನು. ಎಂಟನೆಯ ಸಂಪುಟದಲ್ಲಿ ಅವನ ಸುಳಿವೇ ಇಲ್ಲ. 1996ರಲ್ಲಿ ಗೋಡೆಯ ಕೆಳಗೆ ಸಿಕ್ಕವನು ಓದುಗರ ಕಣ್ಣಿಗೆ ಮತ್ತೆ ಬಿದ್ದದ್ದು 2000ದಲ್ಲಿ, ಒಂಬತ್ತನೆಯದರಲ್ಲಿ. ಇನ್ನೊಂದು ಎಳೆ ಇದಕ್ಕಿಂತ ಬಿಗಿ. ಪೆರಿನ್ ಎಂಬ ಕಮ್ಮಾರಿಕೆ ಕಲಿತ ಹುಡುಗನ ಹೆಂಡತಿಯನ್ನು ಎಂಟನೆಯ ಸಂಪುಟದ ತುದಿಯಲ್ಲಿ ಶತ್ರುಗಳು ಹಿಡಿದೊಯ್ಯುತ್ತಾರೆ. ಅವಳು ಬಿಡುಗಡೆಯಾಗುವುದು ಹನ್ನೊಂದನೆಯದರಲ್ಲಿ. ಕಥೆಯೊಳಗೆ ಕೆಲವೇ ತಿಂಗಳ ಸಂಗತಿ. ಕಥೆಯ ಹೊರಗೆ 1998ರಿಂದ 2005, ಏಳು ವರ್ಷ. ಗಂಡ ಹಿಮದಲ್ಲಿ ನಿಂತು ಹಲ್ಲು ಕಡಿಯುವುದನ್ನೇ ಓದುಗರು ಸಂಪುಟಗಟ್ಟಲೆ ಓದಿದರು.

ಹತ್ತನೆಯದರಲ್ಲಿ ಆದದ್ದು ಇನ್ನೂ ಸೂಕ್ಷ್ಮವಾದ ತಪ್ಪು. ಒಂಬತ್ತನೆಯದರ ಕೊನೆಗೆ ಸರಣಿಯ ಅತಿ ದೊಡ್ಡ ಘಟನೆಗಳಲ್ಲೊಂದು ನಡೆಯುತ್ತದೆ: ಮೂರು ಸಾವಿರ ವರ್ಷದಿಂದ ವಿಷವೇರಿದ್ದ ಗಂಡಸರ ಮಂತ್ರಶಕ್ತಿಯ ಮೂಲ ಶುದ್ಧವಾಗುತ್ತದೆ. ಅಲ್ಲಿಂದ ಮುಂದೇನು ಎಂದು ಎರಡು ವರ್ಷಕ್ಕೂ ಹೆಚ್ಚು ಕಾದವರಿಗೆ 2003ರಲ್ಲಿ ಸಿಕ್ಕ ಸಂಪುಟ ಕಾಲವನ್ನು ಹಿಂದಕ್ಕೆ ತಿರುಗಿಸಿತು. ಅದೇ ಘಟನೆ ನಡೆಯುವ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯವರು ಏನು ಮಾಡುತ್ತಿದ್ದರು, ದೂರದಲ್ಲಿ ಏನೋ ಆಗುತ್ತಿದೆ ಎಂದು ಅವರಿಗೆ ಹೇಗೆ ಅನಿಸಿತು ಎಂಬುದೇ ಅದರ ದೊಡ್ಡ ಭಾಗ. ಜಾತ್ರೆಯಲ್ಲಿ ತೇರು ಎಳೆದು ಮುಗಿದ ಮೇಲೆ, ಆ ಹೊತ್ತಿನಲ್ಲಿ ಯಾರ್ಯಾರು ಯಾವ ಯಾವ ಮನೆಯಲ್ಲಿ ಕೂತು ಡೊಳ್ಳಿನ ಸದ್ದು ಕೇಳಿದರು ಎಂದು ಮನೆಮನೆಗೆ ಹೋಗಿ ವಿಚಾರಿಸಿದ ಹಾಗೆ. ವಾಕ್ಯಗಳು ಕೆಟ್ಟಿಲ್ಲ. ಉಡುಪಿನ ಕಸೂತಿ, ಊಟದ ಮೇಜು, ಹಿಮದ ವಾಸನೆ, ಎಲ್ಲ ಜಾರ್ಡನ್ ಅವರ ಪಳಗಿದ ಕೈಯದೇ. ಮುಂದಕ್ಕೆ ಹೋಗುವ ಕಾಲವೊಂದೇ ಇಲ್ಲ.

ಯಾಕೆ ಹೀಗಾಯಿತು? ಒಂದು ಹಳ್ಳಿಯಿಂದ ಕೂಡಿ ಹೊರಟವರು ಬೇರೆ ಬೇರೆ ದಾರಿ ಹಿಡಿದರು. ಒಬ್ಬೊಬ್ಬರ ಸುತ್ತ ಒಂದೊಂದು ಪರಿವಾರ ಬೆಳೆಯಿತು. ಪರಿವಾರದೊಳಗೆ ಜಗಳ, ಪ್ರೀತಿ, ಪಿತೂರಿ. ಆ ಪಿತೂರಿಗೂ ಒಂದು ಕಥೆ. ಮೊದಲ ಸಂಪುಟಗಳಲ್ಲಿ ಎರಡು ಗಂಟು ಹಾಕಿದರೆ ಒಂದು ಬಿಚ್ಚುತ್ತಿದ್ದರು, ಹೀಗಾಗಿ ಓದುಗರ ಕೈಗೆ ಪ್ರತಿ ಸಲ ಏನಾದರೂ ಸಿಗುತ್ತಿತ್ತು. ಎಂಟರಿಂದ ಈ ಲೆಕ್ಕ ತಪ್ಪಿತು. ಗಂಟು ಹಾಕುವುದು ನಿಲ್ಲಲಿಲ್ಲ, ಬಿಚ್ಚುವುದು ನಿಂತಿತು.

ಹೊಲ ಪಾಲಾದ ಹಾಗೆ

ಜಾರ್ಜ್ ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯಲ್ಲಿ ಇದನ್ನು ಎಣಿಸಿಯೇ ತೋರಿಸಬಹುದು. ಅಲ್ಲಿ ಪ್ರತಿ ಅಧ್ಯಾಯವೂ ಒಂದು ಪಾತ್ರದ ಕಣ್ಣಿನಿಂದ ನಡೆಯುತ್ತದೆ, ಹೆಚ್ಚಾಗಿ ಆ ಪಾತ್ರದ ಹೆಸರೇ ತಲೆಬರಹ. 1996ರ ಮೊದಲ ಪುಸ್ತಕದಲ್ಲಿ ಪೀಠಿಕೆ ಬಿಟ್ಟರೆ 72 ಅಧ್ಯಾಯ, 8 ಪಾತ್ರಗಳ ಕಣ್ಣು. ಒಬ್ಬರಿಗೆ ಸರಾಸರಿ ಒಂಬತ್ತು. 2011ರ ಐದನೆಯದರಲ್ಲಿ ಪೀಠಿಕೆ, ಸಮಾಪ್ತಿ ಬಿಟ್ಟರೆ 71 ಅಧ್ಯಾಯ, ಕಣ್ಣು ಮಾತ್ರ 16. ಅದರಲ್ಲೂ ಮೂವರು ಹಿರಿಯರೇ 35 ಅಧ್ಯಾಯ ತೆಗೆದುಕೊಂಡು ಕೂತಿದ್ದಾರೆ. ಉಳಿದ 13 ಜನರಿಗೆ ಉಳಿದದ್ದು 36, ಒಬ್ಬರಿಗೆ ಮೂರೂ ಪೂರ್ತಿ ಬೀಳುವುದಿಲ್ಲ. ಅಜ್ಜನ ಕಾಲದ ಹೊಲ ಮೊಮ್ಮಕ್ಕಳಿಗೆ ಪಾಲಾದಾಗ ಒಡ್ಡೇ ಹೆಚ್ಚಾಗಿ ಬಿತ್ತುವ ನೆಲ ಕಡಿಮೆಯಾಗುತ್ತದಲ್ಲ, ಥೇಟ್ ಹಾಗೆ. ಮೂರು ಅಧ್ಯಾಯದಲ್ಲಿ ಒಂದು ಪಾತ್ರ ಬರಬೇಕು, ತನ್ನ ಊರು ತೋರಿಸಬೇಕು, ಏನಾದರೂ ಮಾಡಬೇಕು. ಬಂದು ಊರು ತೋರಿಸುವಷ್ಟರಲ್ಲಿ ಪಾಲು ಮುಗಿದಿರುತ್ತದೆ.

ಇದಕ್ಕೆ ಬೇರಿನಲ್ಲಿರುವ ಕಾರಣ ಕಾಲದ್ದೇ. 2000ದ ಮೂರನೆಯ ಪುಸ್ತಕದ ನಂತರ ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸಿ, ಮಕ್ಕಳು ದೊಡ್ಡವರಾದ ಮೇಲೆ ಶುರು ಮಾಡಬೇಕು ಎಂಬುದು ಮಾರ್ಟಿನ್ ಅವರ ಯೋಜನೆಯಾಗಿತ್ತು. ಸಾಕಷ್ಟು ಬರೆದ ಮೇಲೆ ಅದನ್ನು ಕೈಬಿಟ್ಟರು. ಐದು ವರ್ಷದಲ್ಲಿ ಆದದ್ದನ್ನೆಲ್ಲ ಹಿನ್ನೋಟದಲ್ಲಿ ಹೇಳುತ್ತ ಹೋಗುವುದೇ ಒಂದು ಹೊರೆಯಾಯಿತು. ಹಾರಬೇಕಾದ ಐದು ವರ್ಷವನ್ನು ನಡೆದೇ ದಾಟಬೇಕಾಯಿತು. ಹಸ್ತಪ್ರತಿ ಒಂದು ಸಂಪುಟಕ್ಕೆ ಹಿಡಿಯದಷ್ಟು ಬೆಳೆದಾಗ ಅದನ್ನು ಕಾಲದ ಮೇಲೆ ಸೀಳದೆ ಊರಿನ ಮೇಲೆ ಸೀಳಿದರು: ಅರ್ಧ ಜನರ ಕಥೆ 2005ಕ್ಕೆ, ಇನ್ನರ್ಧದ್ದು ಮುಂದಿನದಕ್ಕೆ. ಎಲ್ಲರ ಅರ್ಧ ಕಥೆಗಿಂತ ಅರ್ಧ ಜನರ ಪೂರ್ತಿ ಕಥೆ ಮೇಲು ಎಂದು ಪುಸ್ತಕದ ಕೊನೆಯಲ್ಲಿ ಟಿಪ್ಪಣಿ ಇತ್ತು, ಉಳಿದದ್ದು ಮರುವರ್ಷವೇ ಬಂದೀತು ಎಂಬ ಹಾರೈಕೆಯೂ ಇತ್ತು. ಅದು ಬಂದದ್ದು 2011ರಲ್ಲಿ. ಆರನೆಯದಕ್ಕಾಗಿ ಕಾದವರು ಒಂದು ದಶಕ ದಾಟಿದರು. ನಡುವೆ ಇದೇ ಕಥೆಯ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ ಪುಸ್ತಕವನ್ನು ಹಿಂದೆ ಹಾಕಿ 2019ರಲ್ಲಿ ಮುಗಿದೇಹೋಯಿತು. ಒಂದು ಪುಟವನ್ನೂ ಓದದವರಿಗೂ ಆ ವರ್ಷ ಈ ಬೇಸರ ಏನೆಂದು ಗೊತ್ತಾಯಿತು.

ಕೆಡುವುದಕ್ಕೆ ಇನ್ನೊಂದು ದಾರಿಯಿದೆ, ದೂರ ಸಾಯುವುದು. ಮೊದಲ ಪುಸ್ತಕದಲ್ಲಿ ಬೆಳಗಾವಿಯಿಂದ ವಿಜಯಪುರದಷ್ಟು ದಾರಿ ಇದ್ದರೆ ಘಟಪ್ರಭೆ ದಾಟಬೇಕು, ಕೃಷ್ಣೆ ದಾಟಬೇಕು, ಕಾಲಲ್ಲಿ ಬೊಕ್ಕೆ ಏಳಬೇಕು, ನಡುವೆ ಒಬ್ಬರು ಜ್ವರ ಬಂದು ಮಲಗಬೇಕು. ಕಡೆಕಡೆಗೆ ಮಂತ್ರದಿಂದ ಗಾಳಿಯಲ್ಲೊಂದು ಬಾಗಿಲು ತೆರೆದರೆ ಅತ್ತ ಕಡೆ ವಿಜಯಪುರ. ಆ ಕ್ಷಣಕ್ಕೆ ಅನುಕೂಲ. ಆದರೆ ಆಮೇಲೆ ಮುತ್ತಿಗೆ ಹಾಕಿದ ಕೋಟೆಗೂ ಅರ್ಥವಿಲ್ಲ, ತಡವಾಗಿ ಬಂದ ಪತ್ರಕ್ಕೂ ಅರ್ಥವಿಲ್ಲ. ಮಂತ್ರಕ್ಕೆ ಬೆಲೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ದಾರಿಗೂ ಇರಬೇಕು.

ಮಂಗಲದ ದಿನ

ನಮ್ಮ ಕಡೆಯವರಿಗೆ ಉದ್ದದ ಕಥೆ ಹೊಸದಲ್ಲ. ಬಾಗಲಕೋಟೆ, ವಿಜಯಪುರದ ಹಳ್ಳಿಗಳ ಮಠಗಳಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ತಿಂಗಳುದ್ದಕ್ಕೂ ಸಂಜೆ ಕೆಲಸ ತೀರಿದ ಮೇಲೆ ಪ್ರವಚನ, ಜೊತೆಗೆ ಹಾರ್ಮೋನಿಯಂ, ತಬಲಾ. ದಾನಮ್ಮನ ಪುರಾಣವೋ ಮಲ್ಲಮ್ಮನದೋ, ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಬೇಸರ ಬರುವುದಿಲ್ಲ. ಅದಕ್ಕೊಂದು ಕಾರಣ ಹ್ಯಾಂಡ್‌ಬಿಲ್ಲಿನಲ್ಲಿಯೇ ಇದೆ: ಪುರಾಣ ಪ್ರಾರಂಭದ ದಿನದ ಕೆಳಗೆ ಪುರಾಣ ಮಂಗಲದ ದಿನವೂ ಅಚ್ಚಾಗಿರುತ್ತದೆ. ಅಂದು ಮೆರವಣಿಗೆ, ಅಂದು ಪ್ರಸಾದ, ಅಡುಗೆಯವರಿಗೆ ಮುಂಚೆಯೇ ಹೇಳಿಯಾಗಿದೆ. ಹೇಳುವವರು ನಡುವೆ ಒಂದು ಸಂಜೆ ಬೇರೆ ಉಪಕಥೆಗೆ ಹೊರಳಬಹುದು, ಹಾಡಿಗೆ ಹೆಚ್ಚು ಹೊತ್ತು ಕೊಡಬಹುದು. ಮಂಗಲದ ದಿನ ಮುಂದೆ ಹೋಗುವುದಿಲ್ಲ.

ಅಂಥ ಒಂದು ಸಂಜೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಆಯಿ, ಪ್ರವಚನ ಮುಗಿದು ಎಲ್ಲರೂ ಏಳುವ ಹೊತ್ತಿಗೆ, ಗದ್ದುಗೆಯ ಹತ್ತಿರ ಹೋಗಿ ಕೇಳಿದರು: “ಅಜ್ಜಾರ, ಮೊನ್ನಿ ಸೋಮಾರ ಆ ಹುಡುಗನ್ನ ನೀರ ತರಾಕ ಹೊಳಿಗೆ ಕಳಿಸಿದ್ರಿ. ಅವ ಇನ್ನೂ ತಿರುಗಿ ಬಂದಿಲ್ಲಲ್ರಿ?” ಪ್ರವಚನಕಾರರು ನಗಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. “ತಪ್ಪಾತವ್ವಾ. ನಾಳಿ ಕರ್ಕೊಂಡ ಬರ್ತೀನಿ” ಎಂದರು. ಮರುದಿನ ಮೊದಲ ಐದು ನಿಮಿಷದಲ್ಲಿ ಹುಡುಗ ಕೊಡ ಹೊತ್ತು ಬಂದ, ಅವನ ಕಾಲಿಗೆ ಮುಳ್ಳು ನಟ್ಟಿತ್ತು ಎಂಬ ಕಾರಣವೂ ಸಿಕ್ಕಿತು, ಆಯಿ ತಲೆಯಾಡಿಸಿದರು. ಆ ಹುಡುಗ ಇಡೀ ಪುರಾಣಕ್ಕೆ ಏನೂ ಅಲ್ಲ. ಅವನನ್ನು ಮೂರು ದಿನ ನೆನಪಿನಲ್ಲಿ ಇಟ್ಟುಕೊಂಡವರು ಇದ್ದರು, ಅಷ್ಟಕ್ಕೇ ಅವನು ಬರಬೇಕಾಯಿತು. ಸರಣಿ ಕೆಟ್ಟಿತು ಎನ್ನುವ ಓದುಗರು ಕೇಳುವುದು ಈ ಆಯಿ ಕೇಳಿದ್ದನ್ನೇ. ಅವರಿಗೆ ಮರುದಿನ ಸಿಗುವುದಿಲ್ಲ.

ಸೆರಗು ಕೂಡಿಸುವುದು

ಬೆಳಗಾವಿಯಲ್ಲಿ ಕನ್ನಡದವರೂ ಮರಾಠಿಯವರೂ ನಾವೆಲಿಗೆ ಒಂದೇ ಹೆಸರು ಹೇಳುತ್ತಾರೆ, ಕಾದಂಬರಿ. ಆ ಹೆಸರು ಕೊಟ್ಟ ಕೃತಿಯೇ ಅರ್ಧಕ್ಕೆ ನಿಂತಿತ್ತು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದ ಬಾಣಭಟ್ಟ ತನ್ನ ‘ಕಾದಂಬರಿ’ಯನ್ನು ಮುಗಿಸದೆ ತೀರಿಕೊಂಡ. ಉಳಿದದ್ದನ್ನು ಮಗ ಬರೆದ. ಮಗ ತನ್ನ ಭಾಗದ ಆರಂಭದಲ್ಲಿ ಹೇಳುವ ಮಾತು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ: ತಂದೆ ಸ್ವರ್ಗಕ್ಕೆ ಹೋದಾಗ ಅವರ ಮಾತಿನ ಜೊತೆಗೇ ಕಥೆಯೂ ಭೂಮಿಯಲ್ಲಿ ಕಡಿದುಹೋಯಿತು, ಅದು ಮುಗಿಯದೆ ಉಳಿದದ್ದರಿಂದ ಸಜ್ಜನರಿಗಾದ ದುಃಖ ಕಂಡು ಇದನ್ನು ಹಿಡಿದೆ, ಕವಿತ್ವದ ಗರ್ವದಿಂದಲ್ಲ. ಸಾವಿರದ ಮುನ್ನೂರು ವರ್ಷದ ಹಿಂದೆಯೇ ಓದುಗರ ಈ ಸಂಕಟವನ್ನು ಒಬ್ಬ ಬರಹಗಾರ ದುಃಖ ಎಂದೇ ಕರೆದಿದ್ದಾನೆ, ಹಟ ಎಂದಲ್ಲ. ನಮ್ಮಲ್ಲೂ ಗದುಗಿನ ಕುಮಾರವ್ಯಾಸ ಹತ್ತು ಪರ್ವಕ್ಕೆ ಭಾರತ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಮಾತಿನ ಮೇರೆಗೆ ತಿಮ್ಮಣ್ಣ ಕವಿ ಬರೆದ. ಕುಮಾರವ್ಯಾಸನನ್ನು ವಾಚಿಸಿದಷ್ಟು ತಿಮ್ಮಣ್ಣನನ್ನು ಯಾರೂ ವಾಚಿಸುವುದಿಲ್ಲ. ಮುಗಿಸಿದವರ ಪಾಲಿಗೆ ಬರುವುದು ಬಹಳ ಸಲ ಇಷ್ಟೇ.

ಜಾರ್ಡನ್ 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಹನ್ನೊಂದನೆಯ ಸಂಪುಟದಲ್ಲಿ ಕಥೆ ಮತ್ತೆ ಕಾಲೂರಿ ಓಡತೊಡಗಿತ್ತು, ಅದಕ್ಕೇ ಆ ಸುದ್ದಿ ಇನ್ನೂ ಕಷ್ಟವಾಯಿತು. ಕಾಯಿಲೆ ಗೊತ್ತಾದ ಮೇಲೆ ಅವರು ಟಿಪ್ಪಣಿ ಬಿಟ್ಟರು, ಬಾಯಿಂದ ಹೇಳಿ ಬರೆಸಿದರು, ಎಲ್ಲಕ್ಕೂ ಮುಖ್ಯವಾಗಿ ಕಟ್ಟಕಡೆಯ ದೃಶ್ಯವನ್ನು ತಾವೇ ಬರೆದಿಟ್ಟರು. ಹೆಂಡತಿಯೂ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್ ಮೆಕ್‌ಡೂಗಲ್ ಅದನ್ನು ಮುಗಿಸಲು ಆರಿಸಿದ್ದು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕರನ್ನು. ಒಂದೇ ಸಂಪುಟ ಎಂದುಕೊಂಡದ್ದು 2009, 2010, 2013ರಲ್ಲಿ ಮೂರಾಗಿ ಬಂತು.

ಇದನ್ನು ಇಳಕಲ್ಲಿನ ಮಗ್ಗ ನೋಡಿದವರು ಬೇಗ ಹಿಡಿಯುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದುದ್ದ ಹಾಯುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗಿನದು ಕೆಂಪು ರೇಷ್ಮೆ. ಸೆರಗಿನ ಹಾಸನ್ನು ಅಳತೆ ನೋಡಿ ಮೊದಲೇ ಸಿದ್ಧ ಮಾಡಿಕೊಂಡು, ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿಗೆ ಕೊಂಡಿ ಸಿಗಿಸಿ ಕೂಡಿಸುತ್ತಾರೆ. ಸಾವಿರಾರು ಎಳೆ, ಬೆರಳ ತುದಿಯ ಕೆಲಸ. ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಆಯಿತೋ, ಕೂಡಿದ ಜಾಗ ಮುದ್ದೆಯಾಗಿ ಕಾಣುತ್ತದೆ. ಸರಿಯಾಗಿ ಕೂಡಿದರೆ ಬಣ್ಣ ಬದಲಾಗುವ ಗೆರೆ ಒಂದೇ ಕಾಣುತ್ತದೆ, ಕೈಯಾಡಿಸಿದರೆ ತಡೆಯುವುದಿಲ್ಲ. ಇಲ್ಲಿ ಮುಖ್ಯವಾದದ್ದು ಒಡಲು ನೇಯುವಾಗಲೇ ಸೆರಗಿಗೆ ಜಾಗ ಇದೆ ಎಂಬುದು. ಒಡಲು ಚಂದ ಬರುತ್ತಿದೆ ಎಂದು ನೇಯುತ್ತಲೇ ಹೋಗುವ ನೇಕಾರರಿಲ್ಲ.

ಜಾರ್ಡನ್ ಒಡಲನ್ನು ಅಳತೆ ಮೀರಿ ನೇಯ್ದಿದ್ದರು, ಆದರೆ ಸೆರಗನ್ನು ಬಿಟ್ಟುಹೋಗಿದ್ದರು. ಸ್ಯಾಂಡರ್ಸನ್ ಮಾಡಿದ್ದು ಕೊಂಡಿ ಸಿಗಿಸುವ ಕೆಲಸ. ಹನ್ನೆರಡನೆಯ ಸಂಪುಟದಲ್ಲಿ ಮ್ಯಾಟ್‌ನ ಮಾತು ಅವನದಲ್ಲದಂತೆ ಕೇಳಿಸುತ್ತದೆ, ಹಾಸ್ಯ ಎಳೆದು ತಂದಂತಿದೆ. ಆ ಎಳೆ ಮುದ್ದೆಯಾದದ್ದು ಕಣ್ಣಿಗೆ ಬೀಳುತ್ತದೆ. ಹತ್ತು ಹನ್ನೆರಡು ವರ್ಷದಿಂದ ತೂಗಾಡುತ್ತಿದ್ದ ಎಳೆಗಳು ಮಾತ್ರ ಒಂದಾದ ಮೇಲೊಂದು ಸಿಕ್ಕಿಕೊಳ್ಳುತ್ತ ಬಂದವು. ಓದುಗರು ದನಿ ಬದಲಾದದ್ದನ್ನು ಕ್ಷಮಿಸಿದರು. ಎಳೆಗಳನ್ನೇ ಮರೆತುಬಿಟ್ಟಿದ್ದರೆ ಕ್ಷಮಿಸುತ್ತಿರಲಿಲ್ಲ.

ನಡುವೆ ಸಿಕ್ಕವರಿಗೆ

ಇಂಥ ಸರಣಿಯ ನಡುವೆ ನಿಂತಿರುವವರು ಹೊಸ ಸಂಪುಟ ಬಂದಾಗ ಮೊದಲಿನಿಂದ ಎಲ್ಲವನ್ನೂ ಓದಲು ಹೋಗುವುದು ಬೇಡ. ಅರ್ಧದಾರಿಗೆ ದಣಿವಾಗಿ ಹೊಸದನ್ನು ಮುಟ್ಟುವುದೇ ಇಲ್ಲ. ಹಿಂದಿನ ಸಂಪುಟದ ಕೊನೆಯ ನೂರು ಪುಟ ಸಾಕು. ಒಂದು ಸಂಪುಟ ಮುಗಿಸಿದ ದಿನವೇ ಹಾಳೆಯ ಎಡಗಡೆ ಹಾಕಿದ ಗಂಟು, ಬಲಗಡೆ ಬಿಚ್ಚಿದ ಗಂಟು ಎಂದು ಎರಡು ಪಟ್ಟಿ ಬರೆದು ಪುಸ್ತಕದೊಳಗೇ ಮಡಚಿಟ್ಟರೆ ಎರಡು ವರ್ಷದ ನಂತರ ಅದೇ ನೆನಪು. ಎರಡು ಸಂಪುಟ ಒಂದಾದ ಮೇಲೊಂದು ಎಡಗಡೆಯೇ ಉದ್ದವಾದರೆ ಅಲ್ಲಿ ನಿಲ್ಲುವುದರಲ್ಲಿ ತಪ್ಪಿಲ್ಲ. ಸರಣಿ ಪೂರ್ತಿಯಾದ ಮೇಲೆ ಮತ್ತೆ ಹಿಡಿಯಬಹುದು.

ಮಾರ್ಟಿನ್ ಅವರ ನಾಲ್ಕು ಮತ್ತು ಐದನೆಯ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕಾಲದ ಕ್ರಮದಲ್ಲಿ ಅಧ್ಯಾಯ ಬೆರೆಸಿ ಓದುವವರಿದ್ದಾರೆ, ಅದರಿಂದ ನಾಲ್ಕನೆಯದರ ಬಿಕೋ ಎನ್ನುವ ಭಾವ ಬಹಳ ಕಡಿಮೆಯಾಗುತ್ತದೆ. ಇಲ್ಲವೇ ತಲೆಬರಹ ಹಿಡಿದು ಒಂದೇ ಪಾತ್ರದ ಅಧ್ಯಾಯಗಳನ್ನು ಸಾಲಾಗಿ ಓದಬಹುದು. ಜಾರ್ಡನ್ ಅವರಲ್ಲಿ ತಲೆಬರಹಕ್ಕೆ ಪಾತ್ರದ ಹೆಸರಿಲ್ಲ, ಹಾಗಾಗಿ ಆ ದಾರಿ ಕಷ್ಟ. ಹತ್ತನೆಯದರಲ್ಲಿ ಪೆರಿನ್ ಶಿಬಿರದ ಅಧ್ಯಾಯಗಳನ್ನು ಕಣ್ಣಾಡಿಸಿ, ಮ್ಯಾಟ್ ಬರುವಲ್ಲಿ ನಿಂತು ಓದಿ, ಕೊನೆಯ ಅಧ್ಯಾಯವನ್ನು ಮಾತ್ರ ಬಿಡದೆ ಓದಿ ಹನ್ನೊಂದಕ್ಕೆ ದಾಟಿದರೆ ಏನೂ ಕಳೆದುಹೋಗುವುದಿಲ್ಲ. ಬಾಡಿಗೆ ಲೈಬ್ರರಿಗಳಲ್ಲಿ ಮೂರನೆಯದು ಕಳೆದು ಎರಡರಿಂದ ನಾಲ್ಕಕ್ಕೆ ಹಾರುವ ಪರಿಸ್ಥಿತಿ ಮಾತ್ರ ಬೇರೆ. ಅಲ್ಲಿ ಕಾಯಲೇಬೇಕು, ಮೂರು ಬಿಟ್ಟರೆ ನಾಲ್ಕು ಹತ್ತುವುದಿಲ್ಲ.

ಟಿಳಕವಾಡಿಯ ಆ ಸೆಟ್ಟಿನಲ್ಲಿ ಮೊದಲ ಏಳನ್ನಷ್ಟೇ ಕೊಡುತ್ತೀರಾ ಎಂದು ಒಬ್ಬ ಕಾಲೇಜು ಹುಡುಗ ಕೇಳಿದ. “ಸೆಟ್ ಒಡ್ಯೂದಿಲ್ಲಪಾ” ಎಂದರು ಅಂಗಡಿಯವರು, ಸುತಳಿ ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಮಿಂಚುವ ಒಂಬತ್ತು, ಹತ್ತರ ಆಚೆಗೆ ಹನ್ನೊಂದರಲ್ಲಿ ಮತ್ತೆ ಗೆರೆ ಕಂಡವು. ಹನ್ನೆರಡರಲ್ಲಿ, ಹದಿಮೂರರಲ್ಲಿ ಇನ್ನೂ ಹೆಚ್ಚು. ಹದಿನಾಲ್ಕನೆಯದರ ಬೆನ್ನು ಮೊದಲ ಸಂಪುಟದಷ್ಟೇ ಬೆಳ್ಳಗಿತ್ತು. ಆ ಪುಸ್ತಕದಲ್ಲಿ ಕೊನೆಯ ಯುದ್ಧದ ಒಂದೇ ಅಧ್ಯಾಯ ಇನ್ನೂರು ಪುಟದಷ್ಟಿದೆ. ಅಷ್ಟಗಲದ ಬೆನ್ನಿನಲ್ಲಿ ತೆಳು ಗೆರೆಗಳೇ ಇದ್ದವು. ಬೋರಲು ಹಾಕಿದ ಆಳವಾದ ಗೆರೆ ಒಂದೂ ಇರಲಿಲ್ಲ.